ಅರ್ಧ ಹೋದರೂ ‘ಸ್ವಲ್ಪ ಇಳಿಕೆ’ ಅಂತೆ!

ಮೊನ್ನೆ ಒಬ್ಬ ಹುಡುಗ ವರದಿ ಹಿಡಿದುಕೊಂಡು ಬಂದ. ಪತಂಗಗಳ ಲೆಕ್ಕ. ರಾತ್ರಿಯೆಲ್ಲ ಬಿಳಿ ಬಟ್ಟೆ ಕಟ್ಟಿ, ದೀಪ ಹಚ್ಚಿ, ಬಂದು ಕೂತವನ್ನು ಒಂದೊಂದಾಗಿ ಎಣಿಸಿದ್ದ. ಹಾಳೆಗಳಿಗೆ ರೆಕ್ಕೆಯ ಪುಡಿ ಇನ್ನೂ ಅಂಟಿತ್ತು. ಎಷ್ಟು ಪ್ರಭೇದ, ಅವು ಎಷ್ಟು ಸಮನಾಗಿ ಹಂಚಿವೆ ಅನ್ನುವುದನ್ನು ಒಂದೇ ಅಂಕಿಯಲ್ಲಿ ಹೇಳುವ ಶ್ಯಾನನ್ ಸೂಚ್ಯಂಕವನ್ನೂ ಲೆಕ್ಕ ಹಾಕಿದ್ದ. ಇಷ್ಟೆಲ್ಲ ಒದ್ದಾಡಿದವನು ಕೊನೆಗೆ ಬರೆದದ್ದೇನು? ‘ಶ್ಯಾನನ್ ಸೂಚ್ಯಂಕ 3.69ರಿಂದ 3.00ಕ್ಕೆ ಬಂದಿದೆ. ಶೇ 19ರಷ್ಟು ಇಳಿಕೆ, ಗಾಬರಿಪಡುವಂಥದ್ದಲ್ಲ.’

ಈ ಸಾಲು ಓದಿ ಓದಿ ನನಗೆ ಸಾಕಾಗಿದೆ.

40 ಪ್ರಭೇದಗಳು ಸರಿಸಮನಾಗಿ ಇದ್ದರೆ ಸೂಚ್ಯಂಕ 3.69. 20 ಇದ್ದರೆ 3.00. ಅಂದರೆ ವೈವಿಧ್ಯ ಅರ್ಧಕ್ಕರ್ಧ ಹೋಗಿದೆ! ಸೂತ್ರದೊಳಗೆ ಲಾಗ್ ಕೂತಿದೆ ನೋಡಿ, ಅದು ದೊಡ್ಡ ಅಂತರವನ್ನೂ ಹಿಂಡಿ ಚಿಕ್ಕದು ಮಾಡಿಬಿಡುತ್ತದೆ. ವೈವಿಧ್ಯದ ಇನ್ನೊಂದು ಅಳತೆಯಾದ ಸಿಂಪ್ಸನ್ ಸೂಚ್ಯಂಕ, ಅದೇ ಒಂದರಿಂದ ಕಳೆದು ಬರೆಯುವ ರೂಪ, ಇನ್ನೂ ಮೋಸ. ಇದೇ ಅರ್ಧ ನಷ್ಟಕ್ಕೆ ಅದು 0.975ರಿಂದ 0.95ಕ್ಕೆ ಇಳಿಯುತ್ತದೆ, ಅಷ್ಟೇ.

ಹಾಗಾಗಿ ಸೂಚ್ಯಂಕವನ್ನು ಹಾಗೇ ಹೋಲಿಸಬೇಡಿ. ಶ್ಯಾನನ್ ಬಂದರೆ ಕ್ಯಾಲ್ಕುಲೇಟರ್‌ನಲ್ಲಿ ‘ಇ’ಯನ್ನು (ಸುಮಾರು 2.718) ಆ ಅಂಕಿಯ ಘಾತಕ್ಕೆ ಏರಿಸಿ. ಪ್ರಭೇದಗಳ ಲೆಕ್ಕದಲ್ಲೇ ಉತ್ತರ ಬರುತ್ತದೆ. 1973ರಲ್ಲೇ ಪರಿಸರ ವಿಜ್ಞಾನಿ ಮಾರ್ಕ್ ಹಿಲ್ ಇದನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ ಕೊಟ್ಟಿದ್ದಾರೆ.

ಹೀಗೆ ಮಾಡಿದರೆ ಹಂಚಿಕೆಯ ಏರುಪೇರೂ ಕಣ್ಣಿಗೆ ಬೀಳುತ್ತದೆ. ಐದು ಪ್ರಭೇದ, ನೂರು ಹುಳ ಅಂದುಕೊಳ್ಳಿ. ತಲಾ 20 ಇದ್ದರೆ ಉತ್ತರ ಐದೇ. ಒಂದರದ್ದೇ 96, ಉಳಿದವು ಒಂದೊಂದು ಇದ್ದರೆ? ಬರುವುದು 1.25. ಪಟ್ಟಿಯಲ್ಲಿ ಐದು ಹೆಸರಿದ್ದರೂ ಅಲ್ಲಿ ಆಳುತ್ತಿರುವುದು ಒಂದೇ.

ಇನ್ನೊಬ್ಬರ ವರದಿಯ ಜೊತೆ ಹೋಲಿಸುವ ಮುಂಚೆ ಯಾವ ಲಾಗ್ ಅಂತ ಕೇಳಿ. ಸುಮ್ನೆ ‘2.3’ ಅಂತ ಬರೆದವರಿಗೆ ಲೆಕ್ಕವಿಲ್ಲ. ಸಹಜ ಲಾಗ್, ಅಂದರೆ ಆಧಾರ ‘ಇ’ ಆದರೆ, ಅದು ಸುಮಾರು ಹತ್ತು ಪ್ರಭೇದಕ್ಕೆ ಸಮ. ಆಧಾರ ಎರಡಾದರೆ ಐದು. ಆಧಾರ ಹತ್ತಾದರೆ ಇನ್ನೂರು!

ಹುಡುಗ ಮಾರನೇ ದಿನ ವಾಪಸ್ ಬಂದ. ಆ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘40, 20’ ಅಂತ ಬರೆದಿದ್ದ. ಈಗ ಗಾಬರಿ ಅವನ ಮುಖದಲ್ಲೇ ಇತ್ತು.

“ಎರಡು ಸಲವೂ ಅಷ್ಟೇ ರಾತ್ರಿ ಎಣಿಸಿದೆಯಾ?” ಅಂದೆ.

“ಇಲ್ಲ ಸರ್. ಮೊದಲ ಸಲ ಎಂಟು ರಾತ್ರಿ, ಆಮೇಲೆ ಮೂರು.”

“ಆ ಮೂರು ಯಾವಾಗ?”

“ಹುಣ್ಣಿಮೆ ಆಸುಪಾಸು ಸರ್.”

ಬೆಳದಿಂಗಳಲ್ಲಿ ದೀಪಕ್ಕೆ ಬರುವ ಪತಂಗಗಳೇ ಕಡಿಮೆ ಅಲ್ವಾ? ಇಳಿದದ್ದು ವೈವಿಧ್ಯವೋ, ಎಣಿಕೆಯೋ, ಈಗಲೇ ಹೇಳಲಾರೆ. ಎಣಿಸಿದ ಹುಳಗಳ ಸಂಖ್ಯೆಯನ್ನು ಎರಡೂ ಕಡೆ ಒಂದೇ ಮಟ್ಟಕ್ಕೆ ಇಳಿಸಿ ಹೋಲಿಸುವ ರೇರ್‌ಫ್ಯಾಕ್ಷನ್ ಮಾಡಿದರೂ ಹುಣ್ಣಿಮೆಯ ದೋಷ ಹೋಗುವುದಿಲ್ಲ. ಅಮಾವಾಸ್ಯೆಗೆ ಇನ್ನೂ ಹತ್ತು ದಿನ ಇತ್ತು. ಬಿಳಿ ಬಟ್ಟೆ ಒಗೆದಿಡು ಅಂದೆ.