ಮ್ಯಾಟ್ರಿಕ್ಸ್ ಟೂಲ್‌ಗೆ ಏಜೆಂಟ್ ಓದುವ ಕೈಪಿಡಿ

ಮ್ಯಾಟ್ರಿಕ್ಸ್ (ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ ಕೋಷ್ಟಕ) ಲೆಕ್ಕದ ಟೂಲ್ ಒಂದನ್ನು ಎಐ ಏಜೆಂಟ್ (ಟೂಲ್‌ಗಳನ್ನು ತಾನೇ ಬಳಸಿ ಹೆಜ್ಜೆ ಹೆಜ್ಜೆಯಾಗಿ ಕೆಲಸ ಮಾಡುವ ಎಐ ಪ್ರೋಗ್ರಾಂ) ಕೈಗೆ ಕೊಡುವಾಗ ಬಹಳ ಜನ ಹಳೆಯ ಡಾಕ್ಯುಮೆಂಟೇಶನ್ನನ್ನೇ ಅಂಟಿಸಿ ಬಿಡುತ್ತಾರೆ. "ಮ್ಯಾಟ್ರಿಕ್ಸ್‌ನ ಇನ್ವರ್ಸ್ ಕೊಡುತ್ತದೆ" ಎಂದು ಒಂದು ಸಾಲು, ಕೆಳಗೆ ಎರಡು ಉದಾಹರಣೆ. (ಇನ್ವರ್ಸ್ ಅಂದರೆ, ಮೂಲದೊಂದಿಗೆ ಗುಣಿಸಿದರೆ ಕರ್ಣದಲ್ಲಿ 1, ಉಳಿದ ಕಡೆ ಸೊನ್ನೆ ಬರುವ ಮ್ಯಾಟ್ರಿಕ್ಸ್.) ಮನುಷ್ಯರಿಗೆ ಇದು ಹೇಗೋ ಸಾಕಾಗುತ್ತಿತ್ತು. ಉತ್ತರ ವಿಚಿತ್ರವಾಗಿ ಕಂಡರೆ ಅವರು ತಡೆದು ನಿಲ್ಲುತ್ತಾರೆ, ಪಕ್ಕದವರನ್ನು ಕೇಳುತ್ತಾರೆ. ಏಜೆಂಟ್ ಅದೇ ಉತ್ತರವನ್ನು ಎತ್ತಿಕೊಂಡು ಮುಂದಿನ ಹೆಜ್ಜೆಗೆ ಹೋಗಿಬಿಡುವ ಸಂಭವ ಜಾಸ್ತಿ. ಹಾಗಾಗಿ ಟೂಲ್ ಏನು ಮಾಡುತ್ತದೆ ಅನ್ನುವುದಕ್ಕಿಂತ, ಅದರ ಉತ್ತರವನ್ನು ಯಾವಾಗ ನಂಬಬಾರದು ಅನ್ನುವುದನ್ನೇ ನಾನು ಮೊದಲು ಬರೆಯುತ್ತೇನೆ.

1ರಿಂದ 9ರವರೆಗಿನ ಅಂಕಿಗಳನ್ನು ಮೂರು ಅಡ್ಡಸಾಲುಗಳಲ್ಲಿ ಜೋಡಿಸಿ. ಎರಡನೇ ಸಾಲಿನ ಎರಡರಷ್ಟರಲ್ಲಿ ಮೊದಲನೆಯದನ್ನು ಕಳೆದರೆ ಮೂರನೆಯದೇ ಬರುತ್ತದೆ. ಅಂದರೆ ಡಿಟರ್ಮಿನೆಂಟ್ (ಚೌಕ ಮ್ಯಾಟ್ರಿಕ್ಸ್‌ನ ಅಂಕಿಗಳಿಂದ ಲೆಕ್ಕ ಹಾಕುವ ಒಂದು ಸಂಖ್ಯೆ; ಅದು ಸೊನ್ನೆಯಾದರೆ ಇನ್ವರ್ಸ್ ಇರುವುದಿಲ್ಲ) ಸೊನ್ನೆ, ಇನ್ವರ್ಸ್ ಇಲ್ಲ. ಆದರೆ ಕಂಪ್ಯೂಟರ್ ಲೆಕ್ಕ ಮಾಡುವಾಗ ನಡುವೆ ಬರುವ ಭಿನ್ನರಾಶಿಗಳು ನಿಖರವಾಗಿ ಉಳಿಯುವುದಿಲ್ಲ. ಎಷ್ಟೋ ಸಲ ಸೊನ್ನೆಯ ಬದಲು 10ರ ಮೈನಸ್ 16ನೇ ಘಾತದ ಆಸುಪಾಸಿನ ಸಂಖ್ಯೆ ಬರುತ್ತದೆ. ಟೂಲ್ ಅದನ್ನೇ ನಂಬಿದರೆ "ಇನ್ವರ್ಸ್" ಎಂದು 10ರ 15ನೇ ಘಾತದಷ್ಟು ದೊಡ್ಡ ಸಂಖ್ಯೆಗಳನ್ನು ಕೊಟ್ಟುಬಿಡುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ.

ಹಾಗಾದರೆ "ಡಿಟರ್ಮಿನೆಂಟ್ ಸೊನ್ನೆಗೆ ಹತ್ತಿರವಿದ್ದರೆ ಹುಷಾರು" ಎಂದು ಬರೆದರೆ ಸಾಕಲ್ವಾ? ಸಾಲದು. ಕರ್ಣದಲ್ಲಿ ಪೂರ್ತಿ 0.1, ಉಳಿದ ಕಡೆ ಸೊನ್ನೆ ಇರುವ 100×100 ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಡಿಟರ್ಮಿನೆಂಟ್ 10ರ ಮೈನಸ್ 100ನೇ ಘಾತ. ಆದರೂ ಅದರ ಇನ್ವರ್ಸ್‌ಗೆ ಯಾವ ತೊಂದರೆಯೂ ಇಲ್ಲ, ಕರ್ಣದಲ್ಲಿ ಪೂರ್ತಿ 10 ಬರುತ್ತದೆ. ನೋಡಬೇಕಾದದ್ದು ಕಂಡಿಷನ್ ನಂಬರ್, ಅಂದರೆ ಇನ್‌ಪುಟ್‌ನ ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ಪಟ್ಟು ಹಿಗ್ಗಬಹುದು ಎಂದು ಹೇಳುವ ಸಂಖ್ಯೆ. ಡಬಲ್ ಪ್ರಿಸಿಷನ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುವ ರೂಪ) ನಮಗೆ ಸಿಗುವುದು ಸುಮಾರು 16 ಅಂಕಿಗಳ ನಿಖರತೆ. ಕಂಡಿಷನ್ ನಂಬರ್‌ನಲ್ಲಿ 10ರ ಘಾತ ಎಷ್ಟಿದೆಯೋ, ಅಷ್ಟು ಅಂಕಿಗಳು ಕೈತಪ್ಪಿ ಹೋಗಬಹುದು. 10×10 ಹಿಲ್ಬರ್ಟ್ ಮ್ಯಾಟ್ರಿಕ್ಸ್‌ಗೆ (1, 1/2, 1/3 ಹೀಗೆ ಭಿನ್ನರಾಶಿಗಳಿಂದ ಕಟ್ಟಿದ, ಲೆಕ್ಕಕ್ಕೆ ಕಷ್ಟವೆಂದು ಹೆಸರಾದ ಮ್ಯಾಟ್ರಿಕ್ಸ್) ಅದು ಸುಮಾರು 1.6 ಗುಣಿಸು 10ರ 13ನೇ ಘಾತ. ಉಳಿಯುವುದು ಮೂರೇ ಅಂಕಿ ಎಂದುಕೊಳ್ಳಿ. ಈ ಸಂಖ್ಯೆಯನ್ನು ಟೂಲ್ ಉತ್ತರದ ಜೊತೆಗೇ ಕೊಡಬೇಕು. ಎಷ್ಟು ದಾಟಿದರೆ ಏನು ಮಾಡಬೇಕು ಎಂದು ಡಾಕ್ಯುಮೆಂಟ್ ಹೇಳಬೇಕು.

ಇಲ್ಲೇ ಇನ್ನೊಂದು ಮಾತು. ಏಜೆಂಟ್‌ಗಳಿಗೆ "ಸರಿಯಿದೆ, ನೋಡಿದೆ" ಎಂದು ಹೇಳುವ ಚಟವಿದೆ. ಮ್ಯಾಟ್ರಿಕ್ಸ್ ಬಳಸಿ ಸಮೀಕರಣ ಬಿಡಿಸಿದ ಮೇಲೆ ಉತ್ತರವನ್ನು ಅದಕ್ಕೇ ವಾಪಸ್ ಹಾಕಿ, ಎರಡೂ ಬದಿ ಹೊಂದಿದರೆ ಕೆಲಸ ಮುಗಿಯಿತು ಎನ್ನುತ್ತವೆ. ಕಂಡಿಷನ್ ನಂಬರ್ ದೊಡ್ಡದಿದ್ದಾಗ ತಪ್ಪು ಉತ್ತರವೂ ಈ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತದೆ. ಇದನ್ನು ಬಿಡಿಸಿ ಬರೆಯದಿದ್ದರೆ ಬಳಕೆದಾರರಿಗೆ ಸಿಗುವುದು ಸುಳ್ಳು ಧೈರ್ಯ.

ಇನ್ನು ಇನ್‌ಪುಟ್. 1ರಿಂದ 6ರವರೆಗಿನ ಪಟ್ಟಿಯನ್ನು 2×3 ಮಾಡು ಎಂದರೆ ನಂಪೈ (ಪೈಥಾನ್ ಭಾಷೆಯ ಲೆಕ್ಕದ ಲೈಬ್ರರಿ) ಮೊದಲ ಅಡ್ಡಸಾಲಿನಲ್ಲಿ 1, 2, 3 ಇಡುತ್ತದೆ. ಮ್ಯಾಟ್‌ಲ್ಯಾಬ್ ಮತ್ತು ಆರ್ ಎಂಬ ಲೆಕ್ಕದ ಭಾಷೆಗಳು ಕಂಬಸಾಲಿನ ಪ್ರಕಾರ ತುಂಬುತ್ತವೆ, ಅಲ್ಲಿ 1, 3, 5 ಬರುತ್ತದೆ. ಏಜೆಂಟ್‌ನ ಹಿಂದಿರುವ ಎಐ ಮಾಡೆಲ್ ಇವೆಲ್ಲದರ ಕೋಡನ್ನೂ ಓದಿಕೊಂಡೇ ಬೆಳೆದಿದೆ, ಯಾವ ಅಭ್ಯಾಸ ಯಾವಾಗ ಮೇಲೆ ಬರುತ್ತದೋ ಹೇಳಲಾಗದು. ಚೌಕ ಮ್ಯಾಟ್ರಿಕ್ಸ್ ಆದರೆ ಸೈಜ್ ಎರರ್ ಕೂಡ ಬರುವುದಿಲ್ಲ. ಸಾಲು ಕಂಬ ಅದಲುಬದಲಾದರೂ ಡಿಟರ್ಮಿನೆಂಟ್ ಅದೇ, ಐಗನ್‌ವ್ಯಾಲ್ಯೂಗಳೂ (ದಿಕ್ಕು ಬದಲಾಗದ ವೆಕ್ಟರ್‌ಗಳನ್ನು ಮ್ಯಾಟ್ರಿಕ್ಸ್ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಸಂಖ್ಯೆಗಳು) ಅವೇ. ಹಾಗಾಗಿ ಅವುಗಳಿಂದ ತಪ್ಪು ಸಿಕ್ಕಿಬೀಳುವುದಿಲ್ಲ. ಚಪ್ಪಟೆ ಪಟ್ಟಿಯನ್ನು ತೆಗೆದುಕೊಳ್ಳಲೇಬೇಡಿ. ಪಟ್ಟಿಯೊಳಗೆ ಪಟ್ಟಿ ಕೇಳಿ, "ಒಳಗಿನ ಪ್ರತಿ ಪಟ್ಟಿ ಒಂದು ಅಡ್ಡಸಾಲು" ಎಂದು ಬರೆಯಿರಿ. ಉದಾಹರಣೆಗೆ ಸಮಮಿತಿ ಇಲ್ಲದ (ಸಾಲು ಕಂಬ ಅದಲುಬದಲಾದರೆ ಬೇರೆಯಾಗಿ ಕಾಣುವ) ಮ್ಯಾಟ್ರಿಕ್ಸನ್ನೇ ಆರಿಸಿ.

ಗುಣಾಕಾರದಲ್ಲೂ ಇದೇ ಕಥೆ. * ಚಿಹ್ನೆ ಮ್ಯಾಟ್‌ಲ್ಯಾಬ್‌ನಲ್ಲಿ ಮ್ಯಾಟ್ರಿಕ್ಸ್ ಗುಣಾಕಾರ (ಅಡ್ಡಸಾಲನ್ನು ಕಂಬಸಾಲಿನೊಂದಿಗೆ ಗುಣಿಸಿ ಕೂಡಿಸುವುದು), ನಂಪೈ ಅರೇಗಳಲ್ಲಿ ಸ್ಥಾನಕ್ಕೆ ಸ್ಥಾನ ಗುಣಿಸುವುದು. ಪೈಥಾನ್‌ಗೆ ಮ್ಯಾಟ್ರಿಕ್ಸ್ ಗುಣಾಕಾರಕ್ಕೆಂದೇ @ ಚಿಹ್ನೆ ಬಂದದ್ದು 2015ರಲ್ಲಿ, 3.5ನೇ ಆವೃತ್ತಿಯ ಜೊತೆ. ಟೂಲ್‌ಗೆ ಸುಮ್ನೆ "ಗುಣಿಸು" ಎಂದು ಹೆಸರಿಡಬೇಡಿ.

ಔಟ್‌ಪುಟ್‌ನಲ್ಲಿ ನನಗೆ ಹೆಚ್ಚು ತಲೆನೋವು ತರುವುದು ಎಸ್‌ವಿಡಿ, ಅಂದರೆ ಒಂದು ಮ್ಯಾಟ್ರಿಕ್ಸನ್ನು ಮೂರು ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಬಿಡಿಸುವುದು. ನಂಪೈ ಮೂರನೇ ಭಾಗವನ್ನು ಮೊದಲೇ ಟ್ರಾನ್ಸ್‌ಪೋಸ್ ಮಾಡಿ (ಸಾಲು ಕಂಬ ಅದಲುಬದಲು ಮಾಡಿ) ಕೊಡುತ್ತದೆ, ಮ್ಯಾಟ್‌ಲ್ಯಾಬ್ ಹಾಗೆ ಮಾಡುವುದಿಲ್ಲ. ಮೂರನ್ನೂ ಹೇಗೆ ಗುಣಿಸಿದರೆ ಮೂಲ ಮ್ಯಾಟ್ರಿಕ್ಸ್ ವಾಪಸ್ ಬರುತ್ತದೆ ಎಂಬ ಒಂದು ಸೂತ್ರ ಬರೆದರೆ ಗೊಂದಲ ಇರುವುದಿಲ್ಲ. ಐಗನ್‌ವೆಕ್ಟರ್‌ನ (ಮ್ಯಾಟ್ರಿಕ್ಸ್ ದಿಕ್ಕು ಬದಲಿಸದ ವೆಕ್ಟರ್) ಪ್ಲಸ್ ಮೈನಸ್ ಚಿಹ್ನೆ ತಿರುಗಿದರೂ ಅದು ಸರಿಯಾದ ಉತ್ತರವೇ. ಇದನ್ನು ಹೇಳದಿದ್ದರೆ, ಏಜೆಂಟ್ ಎರಡು ಟೂಲ್‌ಗಳ ಉತ್ತರ ಹೋಲಿಸಿ ಒಂದು ತಪ್ಪು ಎಂದು ತೀರ್ಪು ಕೊಡಬಹುದು. ಇನ್ನು 90 ಡಿಗ್ರಿ ತಿರುಗಿಸುವ 2×2 ಮ್ಯಾಟ್ರಿಕ್ಸ್‌ನ ಐಗನ್‌ವ್ಯಾಲ್ಯೂಗಳು ಪ್ಲಸ್ ಐ, ಮೈನಸ್ ಐ (ಐ ಎಂದರೆ ಮೈನಸ್ 1ರ ವರ್ಗಮೂಲ). ಜೇಸನ್‌ನಲ್ಲಿ (ಪ್ರೋಗ್ರಾಂಗಳು ಮಾಹಿತಿ ಹಂಚಿಕೊಳ್ಳುವ ಪಠ್ಯ ರೂಪ) ಇಂಥ ಕಾಂಪ್ಲೆಕ್ಸ್ ಸಂಖ್ಯೆಗೆ ಜಾಗವಿಲ್ಲ, ಅನಂತಕ್ಕೂ ಇಲ್ಲ. ವಾಸ್ತವ ಭಾಗ, ಕಾಲ್ಪನಿಕ ಭಾಗ ಎರಡನ್ನೂ ಯಾವಾಗಲೂ ಬೇರೆ ಬೇರೆ ಕೊಡಿ, ಎರಡನೆಯದು ಸೊನ್ನೆಯಾಗಿದ್ದರೂ.

ಎರರ್ ಸಂದೇಶವೂ ಡಾಕ್ಯುಮೆಂಟೇಶನ್ನೇ. "ಸಿಂಗ್ಯುಲರ್ ಮ್ಯಾಟ್ರಿಕ್ಸ್" (ಇನ್ವರ್ಸ್ ಇಲ್ಲದ ಮ್ಯಾಟ್ರಿಕ್ಸ್) ಎಂದಷ್ಟೇ ಹೇಳಿದರೆ ಏಜೆಂಟ್ ಅದೇ ಇನ್‌ಪುಟ್ ಮತ್ತೆ ಕಳಿಸಬಹುದು. ಅಥವಾ ಕರ್ಣಕ್ಕೆ ಚೂರು ಸಂಖ್ಯೆ ಸೇರಿಸಿ ದಾರಿ ಮಾಡಿಕೊಳ್ಳಬಹುದು. ಆಗ ಬಿಡಿಸುತ್ತಿರುವ ಲೆಕ್ಕವೇ ಬೇರೆಯಾಯಿತು. ನಾನು ಬರೆಯುವುದು ಹೀಗೆ: "ಈ 3×3 ಮ್ಯಾಟ್ರಿಕ್ಸ್‌ನ ರ‍್ಯಾಂಕ್ 2. ಇನ್ವರ್ಸ್ ಇಲ್ಲ. ಮತ್ತೆ ಪ್ರಯತ್ನಿಸಬೇಡ. ಲೀಸ್ಟ್ ಸ್ಕ್ವೇರ್ಸ್ ಉತ್ತರ ಸಾಕೇ ಎಂದು ಬಳಕೆದಾರರನ್ನು ಕೇಳು. ಅಂಕಿಗಳನ್ನು ನೀನಾಗಿ ಬದಲಿಸಬೇಡ." (ರ‍್ಯಾಂಕ್ ಎಂದರೆ ಒಂದರಿಂದೊಂದು ಹುಟ್ಟದ ಅಡ್ಡಸಾಲುಗಳ ಎಣಿಕೆ; ಲೀಸ್ಟ್ ಸ್ಕ್ವೇರ್ಸ್ ಎಂದರೆ ತಪ್ಪು ಅತಿ ಕಡಿಮೆ ಇರುವ ಹತ್ತಿರದ ಉತ್ತರ.)

ಉದ್ದದ ಬಗ್ಗೆಯೂ ಯೋಚಿಸಬೇಕು. ಟೂಲ್‌ನ ವಿವರಣೆ ಸಾಮಾನ್ಯವಾಗಿ ಪ್ರತಿ ಸಲವೂ ಮಾಡೆಲ್ ಮುಂದೆ ಹೋಗುತ್ತದೆ. ಡಿಟರ್ಮಿನೆಂಟ್ ಅಂದರೇನು ಎಂಬ ಪಾಠ ಅಲ್ಲಿ ಬೇಡ, ಅದು ಮಾಡೆಲ್‌ಗೆ ಗೊತ್ತು. 1000×1000 ಮ್ಯಾಟ್ರಿಕ್ಸ್ ಅಂದರೆ ಹತ್ತು ಲಕ್ಷ ಸಂಖ್ಯೆಗಳು. ಅವನ್ನು ಮಾತುಕತೆಯೊಳಗೆ ಸುರಿಯುವ ಬದಲು ಫೈಲ್‌ನಲ್ಲಿಟ್ಟು ಹೆಸರು ಮಾತ್ರ ಕೊಡಿ.

ಬರೆದಾದ ಮೇಲೆ ಕೋಡ್ ತೋರಿಸದೆ, ಬರೀ ಈ ವಿವರಣೆ ಕೊಟ್ಟು ಏಜೆಂಟ್‌ಗೆ ಕೆಲಸ ಹಚ್ಚಿ. ಸುಲಭದ ಲೆಕ್ಕಗಳಿಂದ ಏನೂ ಗೊತ್ತಾಗುವುದಿಲ್ಲ. 1ರಿಂದ 9ರ ಮ್ಯಾಟ್ರಿಕ್ಸ್ ಕೊಡಿ, ಹಿಲ್ಬರ್ಟ್ ಕೊಡಿ, ಒಂದು ಅಡ್ಡಸಾಲಿನಲ್ಲಿ ಒಂದು ಅಂಕಿ ಕಡಿಮೆ ಇರುವುದನ್ನೂ ಕೊಡಿ. ನಿಲ್ಲಬೇಕಾದ ಕಡೆ ನಿಲ್ಲುತ್ತದಾ, ಕಾರಣ ಹೇಳುತ್ತದಾ ನೋಡಿ. ಮಾಡೆಲ್ ಬದಲಾದಾಗಲೆಲ್ಲ ಇದೇ ಪರೀಕ್ಷೆಯನ್ನು ಮತ್ತೆ ಓಡಿಸಿ.