ಟರ್ಮಿನಲ್‌ನಲ್ಲಿ ಸ್ಪೀಡ್ ಟೆಸ್ಟ್: ಪ್ಲಾನ್ 100, ಟೆಸ್ಟ್ 94, ಡೌನ್‌ಲೋಡ್ 11

ಬ್ರೌಸರ್ ತೆರೆಯದೆ, ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ನೆಟ್ ಸ್ಪೀಡ್ ನೋಡಲು ಸ್ಪೀಡ್‌ಟೆಸ್ಟ್-ಸಿಎಲ್‌ಐ ಸಾಕು. ಪೈಥಾನ್‌ನಲ್ಲಿ ಬರೆದ ಪುಟ್ಟ ಟೂಲ್. ಉಬುಂಟು ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಇಳಿಸುವ ಆಪ್ಟ್ ಕಮಾಂಡ್ ಹಾಕಿದರೆ ಬರುತ್ತದೆ, ಇಲ್ಲದಿದ್ದರೆ ಪೈಥಾನ್‌ನ ಪಿಪ್ ಇದೆ. ಸ್ಪೀಡ್‌ಟೆಸ್ಟ್ ಸೈಟ್ ನಡೆಸುವ ಊಕ್ಲಾ ಕಂಪನಿಯ ಸ್ವಂತ ಟೂಲ್ ಬೇರೆ. ಅದರ ಕಮಾಂಡ್ ಬರೀ ಸ್ಪೀಡ್‌ಟೆಸ್ಟ್. ತಮಾಷೆ ಅಂದರೆ ಪೈಥಾನ್ ಟೂಲ್ ಕೂಡ ಅದೇ ಹೆಸರಿನ ಕಮಾಂಡ್ ಒಂದನ್ನು ಹಾಕಿಡುತ್ತದೆ. ಹಾಗಾಗಿ ಕೊನೆಯ ಸಿಎಲ್‌ಐ ಸೇರಿಸಿ ಪೂರ್ತಿ ಹೆಸರು ಟೈಪ್ ಮಾಡುವುದು ಒಳ್ಳೆಯದು.

ಮುಂದೆ ಎರಡು ಅಡ್ಡಗೆರೆ ಹಾಕಿ ಸಿಂಪಲ್ ಅಂತ ಬರೆದರೆ ಮೂರೇ ಸಾಲು ಬರುತ್ತದೆ: ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ), ಡೌನ್‌ಲೋಡ್, ಅಪ್‌ಲೋಡ್. ಇಷ್ಟರಲ್ಲಿ ಕಷ್ಟ ಏನೂ ಇಲ್ಲ.

ಕಷ್ಟ ಇರುವುದು ಆ ಅಂಕಿಗಳನ್ನು ಓದುವುದರಲ್ಲಿ. ವಿದ್ಯಾನಗರದ ರೂಮಿನಲ್ಲಿ ನಮ್ಮದು 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಪ್ಲಾನ್. ಕೇಬಲ್ ಹಾಕಿ ಟೆಸ್ಟ್ ಮಾಡಿದರೆ 94. ಟೆಸ್ಟ್ ಮುಗಿದ ಕೂಡಲೇ ಡಬ್ಲ್ಯೂಗೆಟ್‌ನಲ್ಲಿ (ಫೈಲ್ ಇಳಿಸುವ ಕಮಾಂಡ್) ಉಬುಂಟು ಐಎಸ್‌ಒ ಫೈಲ್ ಇಳಿಸಿದರೆ 11.2. ಮೂರರಲ್ಲಿ ಯಾವುದು ಸುಳ್ಳು? ಯಾವುದೂ ಅಲ್ಲ.

ಮೊದಲು 94ರ ವಿಷಯ. ಲೈನ್‌ನಲ್ಲಿ ನಮ್ಮ ಡೇಟಾ ಒಂದೇ ಹೋಗುವುದಿಲ್ಲ, ವಿಳಾಸದ ಚೀಟಿಗಳೂ ಜೊತೆಗೆ ಹೋಗುತ್ತವೆ. ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ತುಂಡು, ಜಾಸ್ತಿ ಅಂದರೆ 1500 ಬೈಟ್. ಅದರಲ್ಲಿ ಐಪಿ ಅನ್ನುವ ಚೀಟಿಗೆ 20, ಟಿಸಿಪಿ ಅನ್ನುವ ಚೀಟಿಗೆ 20, ಟೈಮ್‌ಸ್ಟ್ಯಾಂಪ್‌ಗೆ 12 ಹೋಗುತ್ತದೆ. ಉಳಿದದ್ದು 1448. ಆ 1500ರ ಹಿಂದೆ ಮುಂದೆ ಈಥರ್ನೆಟ್ (ಕೇಬಲ್‌ನಲ್ಲಿ ಡೇಟಾ ಸಾಗಿಸುವ ವ್ಯವಸ್ಥೆ) ತನ್ನದೇ 38 ಬೈಟ್ ಜಾಗ ಹಿಡಿಯುತ್ತದೆ. ಒಟ್ಟು 1538. ಈಗ 1448ನ್ನು 1538ರಿಂದ ಭಾಗಿಸಿ: 0.9415. ಅಂದರೆ 100 ಮೆಗಾಬಿಟ್ ಪೋರ್ಟ್‌ನಲ್ಲಿ 94 ಸಿಕ್ಕರೆ ಪೂರ್ತಿ ಸಿಕ್ಕಿದೆ ಅಂತಲೇ ಲೆಕ್ಕ.

ಇನ್ನು 94 ಹೋಗಿ 11.2 ಆಗುವುದು. ತಲೆ ತಿಂದದ್ದು ಇದೇ, ಅದಕ್ಕೇ ಸ್ವಲ್ಪ ಎಳೆದು ಬರೆಯುತ್ತೇನೆ. ಟೆಸ್ಟ್ ಲೆಕ್ಕ ಹೇಳುವುದು ಮೆಗಾಬಿಟ್‌ನಲ್ಲಿ, ಡಬ್ಲ್ಯೂಗೆಟ್ ಹೇಳುವುದು ಮೆಗಾಬೈಟ್‌ನಲ್ಲಿ. ಅದೇ ಮಂಡಕ್ಕಿ, ಒಬ್ಬ ಪಾವಲ್ಲಿ ಅಳೆದ, ಇನ್ನೊಬ್ಬ ಸೇರಲ್ಲಿ. ಸೇರಿಗೆ ನಾಲ್ಕು ಪಾವು, ಬೈಟಿಗೆ ಎಂಟು ಬಿಟ್. 94.15ನ್ನು 8ರಿಂದ ಭಾಗಿಸಿದರೆ 11.77. ಆದರೂ 11.2 ಬರಲಿಲ್ಲ ಅಲ್ವಾ? ಇಲ್ಲೇ ಇನ್ನೊಂದು ಗುಟ್ಟಿದೆ. ನೆಟ್ ಸ್ಪೀಡ್ ಹೇಳುವಾಗ ಮೆಗಾ ಅಂದರೆ ಸರಿಯಾಗಿ 10 ಲಕ್ಷ. ಡಬ್ಲ್ಯೂಗೆಟ್‌ಗೆ ಮೆಗಾ ಅಂದರೆ 1024 ಗುಣಿಸು 1024, ಅಂದರೆ 10,48,576. ಆದ್ದರಿಂದ 11.77ನ್ನು ಮತ್ತೆ 1.048576ರಿಂದ ಭಾಗಿಸಬೇಕು. ಬಂತು ನೋಡಿ, 11.2.

ಪ್ರತಿ ಸಲ ಇಷ್ಟೆಲ್ಲ ಮಾಡಲು ಯಾರಿಗೆ ಪುರುಸೊತ್ತು? ಪ್ಲಾನ್ ಅಂಕಿಯನ್ನು 9ರಿಂದ ಭಾಗಿಸಿಬಿಡಿ. 100ಕ್ಕೆ 11.1, 50ಕ್ಕೆ 5.6, 30ಕ್ಕೆ 3.3. ಹೆಚ್ಚೂಕಡಿಮೆ ಡಬ್ಲ್ಯೂಗೆಟ್ ತೋರಿಸುವುದು ಅದನ್ನೇ. ಎಂಟಕ್ಕಿಂತ ಒಂಬತ್ತೇ ವಾಸಿ.

94 ನೋಡಿದಾಗ ಒಂದು ಅನುಮಾನವೂ ಇಟ್ಟುಕೊಳ್ಳಿ. ಪ್ಲಾನ್ 200 ಇದ್ದು ಟೆಸ್ಟ್ ಯಾವಾಗಲೂ 94ಕ್ಕೇ ನಿಂತರೆ ತಪ್ಪು ಕಂಪನಿಯದ್ದೇ ಇರಬೇಕಂತಿಲ್ಲ. 100 ದಾಟಲು ಬೇಕಾದ ಗಿಗಾಬಿಟ್ ಲಿಂಕ್‌ಗೆ ಕೇಬಲ್‌ನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಒಂದು ತಂತಿ ಕಿತ್ತಿದ್ದರೂ ಲಿಂಕ್ ಸುಮ್ನೆ 100ಕ್ಕೆ ಇಳಿದುಬಿಡಬಹುದು, ನೆಟ್ ಮಾತ್ರ ಬರುತ್ತಲೇ ಇರುತ್ತದೆ. ಲಿಂಕ್ ವೇಗ ತೋರಿಸುವ ಈಥ್‌ಟೂಲ್ ಕಮಾಂಡ್ ಓಡಿಸಿ ಸ್ಪೀಡ್ ಸಾಲು ನೋಡಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದು ಆಮೇಲೆ.

ಪಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸ್ಪೀಡ್‌ಟೆಸ್ಟ್-ಸಿಎಲ್‌ಐನ ಪಿಂಗ್ ಇರುವುದು ಟೆಸ್ಟ್‌ಗೆ ಸರ್ವರ್ ಆರಿಸಲು ಮಾತ್ರ, ಅದನ್ನು ನಿಜವಾದ ಪಿಂಗ್ ಅಂತ ನಂಬಬೇಡಿ ಅಂತ ಅದರ ಜೊತೆ ಬರುವ ವಿವರಣೆ ಫೈಲ್ ರೀಡ್‌ಮಿಯಲ್ಲೇ ಇದೆ. ನಿಜವಾದದ್ದು ಬೇಕಾದರೆ ಪಿಂಗ್ ಕಮಾಂಡ್ ಇದ್ದೇ ಇದೆ.

ಸರ್ವರ್ ಹೆಸರಿನ ಪಕ್ಕ ಬರುವ ಕಿಲೋಮೀಟರ್ ಕೂಡ ಅಂದಾಜು. ನೀವು ಎಲ್ಲಿದ್ದೀರಿ ಅಂತ ಟೂಲ್ ಊಹಿಸುವುದು ಐಪಿ ವಿಳಾಸದಿಂದ. ದಾವಣಗೆರೆಯಲ್ಲಿ ಕೂತಿದ್ದರೂ ಅದು ನಿಮ್ಮನ್ನು ಬೆಂಗಳೂರಿನವರು ಅಂದುಕೊಳ್ಳಬಹುದು. ಆ ಜಾಗಕ್ಕೆ ಹತ್ತಿರದ ಐದು ಸರ್ವರ್ ತೆಗೆದುಕೊಂಡು, ಬೇಗ ಉತ್ತರ ಕೊಟ್ಟದ್ದನ್ನು ಆರಿಸುತ್ತದೆ. ಇವತ್ತು ಒಂದು, ನಾಳೆ ಇನ್ನೊಂದು ಸರ್ವರ್ ಬಂದರೆ ಎರಡು ದಿನದ ಅಂಕಿ ಹೋಲಿಸಿ ಏನು ಪ್ರಯೋಜನ? ಲಿಸ್ಟ್ ಆಪ್ಷನ್‌ನಿಂದ ಒಂದು ಸರ್ವರ್‌ನ ನಂಬರ್ ಬರೆದಿಟ್ಟುಕೊಳ್ಳಿ. ಪ್ರತಿ ಸಲ ಸರ್ವರ್ ಆಪ್ಷನ್ ಜೊತೆ ಅದನ್ನೇ ಕೊಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಊಟ ಆಗಿ ಎಲ್ಲರೂ ಮೊಬೈಲ್ ಹಿಡಿದ ಮೇಲೆ ಒಮ್ಮೆ ನೋಡಿ.

ಫೋನ್ ಹಾಟ್‌ಸ್ಪಾಟ್‌ನಲ್ಲಿ ಹುಷಾರು. 100 ಮೆಗಾಬಿಟ್ ವೇಗದಲ್ಲಿ 10 ಸೆಕೆಂಡ್ ಓಡಿದರೆ 125 ಮೆಗಾಬೈಟ್ ಖರ್ಚು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದವರಿಗೆ ಅದು ಕಡಿಮೆಯಲ್ಲ. ಅಪ್‌ಲೋಡ್ ಬೇಡದಿದ್ದರೆ ನೋ-ಅಪ್‌ಲೋಡ್ ಹಾಕಿ.

ದಿನಾ ದಾಖಲೆ ಇಡುವವರಿಗೆ ಸಿಎಸ್‌ವಿ (ಎಕ್ಸೆಲ್ ಓದಬಲ್ಲ ಪಟ್ಟಿ) ಆಪ್ಷನ್ ಇದೆ. ಬೈಟ್ಸ್ ಆಪ್ಷನ್ ಹಾಕಿದರೆ ಸ್ಕ್ರೀನ್ ಮೇಲೆ ಮೆಗಾಬೈಟ್ ಬರುತ್ತದೆ, ಆದರೆ ಸಿಎಸ್‌ವಿಗೂ, ಅದರಂಥದ್ದೇ ಇನ್ನೊಂದು ರೂಪವಾದ ಜೇಸನ್‌ಗೂ ಅದು ಲೆಕ್ಕಕ್ಕಿಲ್ಲ. ಅಲ್ಲಿ ಬರುವುದು ಬರೀ ಬಿಟ್, ಒಂಬತ್ತು ಕೋಟಿ ಚಿಲ್ಲರೆ ಅಂತ ಉದ್ದದ ಅಂಕಿ. ಎಕ್ಸೆಲ್‌ಗೆ ಹಾಕಿದ ಮೇಲೆ 10 ಲಕ್ಷದಿಂದ ಭಾಗಿಸಿಕೊಳ್ಳಿ.