ಖಾಲಿ ಖಜಾನೆಯಿಂದ ಹುಟ್ಟಿದ ಮಜ್ಲಿಸ್

ಇರಾನಿನ 1906ರ ಸಂವಿಧಾನ ಹೇಗೆ ಬಂತು ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಬರೆಯುವ ಉತ್ತರ ಒಂದೇ: ‘ಪಾಶ್ಚಾತ್ಯ ವಿಚಾರಗಳ ಪ್ರಭಾವದಿಂದ.’ ಸುಳ್ಳೇನಲ್ಲ, ಅರ್ಧ ಅಂಕ ಕೊಡಬಹುದು. ಆದರೆ ಪ್ಯಾರಿಸ್ಸಿನಲ್ಲಿ ಯಾರೋ ಏನೋ ಬರೆದರು ಅಂತ ತಬ್ರೀಜ಼್‌ನ ವ್ಯಾಪಾರಿ ಅಂಗಡಿಗೆ ಬೀಗ ಹಾಕುವುದಿಲ್ಲ. ಅದಕ್ಕೇ ಆಗ ಇರಾನನ್ನು ಆಳುತ್ತಿದ್ದ ಕಾಜಾರ್ ದೊರೆಗಳ ಪಾಠವನ್ನು ನಾನು ಅವರ ಖಜಾನೆಯಿಂದ ಶುರು ಮಾಡುತ್ತೇನೆ.

ರಷ್ಯಾದ ಜೊತೆ ಎರಡು ಯುದ್ಧ ಸೋತು, 1813 ಮತ್ತು 1828ರ ಒಪ್ಪಂದಗಳಲ್ಲಿ ಕಾಕಸಸ್ ಪ್ರದೇಶ ಇರಾನಿನ ಕೈಬಿಟ್ಟಿತು, ಮೇಲೆ ಯುದ್ಧದಂಡ ಬೇರೆ. ಸೋಲಿನ ಬಿಸಿ ತಟ್ಟಿದ್ದ ಯುವರಾಜ ಅಬ್ಬಾಸ್ ಮಿರ್ಜಾ ಕೆಲವು ತರುಣರನ್ನು ಇಂಗ್ಲೆಂಡಿಗೆ ಓದಲು ಕಳಿಸಿದ. ಅವರಲ್ಲಿ ಮಿರ್ಜಾ ಸಾಲಿಹ್ ಶಿರಾಜಿ ಮುದ್ರಣ ಕಲಿತು ಬಂದು 1837ರಲ್ಲಿ ಟೆಹ್ರಾನಿನಲ್ಲಿ ಪತ್ರಿಕೆ ಹೊರಡಿಸಿದ. ಆಮೇಲೆ ಅಮೀರ್ ಕಬೀರ್. ಅಡುಗೆಯವನ ಮಗ, 1848ರಲ್ಲಿ ನಾಸಿರುದ್ದೀನ್ ಶಾನ ಪ್ರಧಾನಿಯಾದ. ಆಸ್ಥಾನಿಕರ ಸಂಭಾವನೆಗೆ ಕತ್ತರಿ ಹಾಕಿದವನು ಉಳಿಯುವುದುಂಟೇ? ಅವನೇ ಕಟ್ಟಿಸಿದ ದಾರುಲ್ ಫುನೂನ್ ಶಾಲೆ 1851ರ ಡಿಸೆಂಬರ್‌ನಲ್ಲಿ ತೆರೆಯುವಷ್ಟರಲ್ಲಿ ಅವನ ಕೆಲಸ ಹೋಗಿತ್ತು. ಮರು ಜನವರಿಯಲ್ಲಿ ಕಾಶಾನಿನ ಫಿನ್ ಸ್ನಾನಗೃಹದಲ್ಲಿ ಶಾನ ಅಪ್ಪಣೆಯಂತೆ ಜೀವವೂ ಹೋಯಿತು. ಶಾಲೆಯನ್ನು ಮಾತ್ರ ಮುಚ್ಚಲಿಲ್ಲ.

ಖರ್ಚಿಗೆ ಕಾಸಿಲ್ಲದ ಶಾ ದೇಶವನ್ನೇ ತುಂಡುತುಂಡಾಗಿ ಗುತ್ತಿಗೆಗೆ ಕೊಡತೊಡಗಿದ. ಅದರಲ್ಲೂ 1890ರ ತಂಬಾಕು ಗುತ್ತಿಗೆಯನ್ನು ಬಿಡಿಸಿ ನೋಡಬೇಕು. ತಂಬಾಕಿನ ಖರೀದಿ, ಮಾರಾಟ, ರಫ್ತು ಅಷ್ಟೂ ಮೇಜರ್ ಟಾಲ್ಬಟ್ ಎಂಬ ಇಂಗ್ಲಿಷಿನವನಿಗೆ 50 ವರ್ಷಗಳವರೆಗೆ. ಶಾಗೆ ಸಿಗುವುದು ವರ್ಷಕ್ಕೆ 15,000 ಪೌಂಡು, ಜೊತೆಗೆ ಲಾಭದಲ್ಲಿ ಕಾಲು ಪಾಲು. ಬೆಳೆಯುವ ರೈತನಿಂದ ಹುಕ್ಕಾ ಅಂಗಡಿಯವನವರೆಗೆ ಎಲ್ಲರ ಅನ್ನಕ್ಕೂ ಒಂದೇ ಕಂಪನಿ ಧಣಿ! ಶಿರಾಜ್, ತಬ್ರೀಜ಼್, ಇಸ್ಫಹಾನ್ ಸಿಡಿದೆದ್ದವು. ಲಂಡನ್–ಇಂಡಿಯಾ ಸುದ್ದಿಗೆಂದು ಬ್ರಿಟಿಷರು ಎಳೆಸಿದ್ದ ತಂತಿ ಈಗ ವ್ಯಾಪಾರಿಗಳಿಗೂ ಮುಲ್ಲಾಗಳಿಗೂ ಒದಗಿತು. 1891ರ ಡಿಸೆಂಬರ್‌ನಲ್ಲಿ ಇರಾಕಿನ ಸಮರ್ರಾದ ಧರ್ಮಗುರು ಮಿರ್ಜಾ ಹಸನ್ ಶಿರಾಜಿಯ ಹೆಸರಲ್ಲಿ ಫತ್ವಾ ಹೊರಟಿತು, ತಂಬಾಕು ಸೇದುವುದು ನಿಷಿದ್ಧ ಎಂದು. ಅದು ನಿಜಕ್ಕೂ ಅವರದೇ ಬರಹವೇ ಎಂಬ ಗುಮಾನಿ ಆಗಲೇ ಇತ್ತು, ಆದರೆ ಅವರು ಅಲ್ಲಗಳೆಯಲಿಲ್ಲ. ಶಾನ ಅಂತಃಪುರದ ಹೆಂಗಸರೇ ಹುಕ್ಕಾ ಬಿಟ್ಟರಂತೆ. ಮುಂದಿನ ತಿಂಗಳು ಗುತ್ತಿಗೆ ರದ್ದಾಯಿತು. ಕಂಪನಿಗೆ ಪರಿಹಾರ 5 ಲಕ್ಷ ಪೌಂಡು, ಅದಕ್ಕೂ ಬ್ರಿಟಿಷ್ ಬ್ಯಾಂಕಿನಿಂದಲೇ ಸಾಲ.

ಇನ್ನು ಮಾಲ್ಕಮ್ ಖಾನ್. ಲಂಡನ್ನಿನಲ್ಲಿ ಶಾನ ರಾಯಭಾರಿಯಾಗಿದ್ದವನು. ಲಾಟರಿ ಗುತ್ತಿಗೆಯ ಹಗರಣದಲ್ಲಿ ಹುದ್ದೆ ಕಳೆದುಕೊಂಡು, 1890ರಲ್ಲಿ ಅಲ್ಲಿಂದಲೇ ‘ಕಾನೂನ್’ ಎಂಬ ಪತ್ರಿಕೆ ಶುರು ಮಾಡಿ, ಇರಾನಿಗೆ ಕಾನೂನಿನ ರಾಜ್ಯ ಬೇಕೆಂದು ಬರೆದ. ನನಗಂತೂ ಈತನ ಮೇಲೆ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ಪತ್ರಿಕೆಯನ್ನು ಕದ್ದುಮುಚ್ಚಿ ತರಿಸಿ ಓದಿದವರಿಗೆ ಬರೆದವನ ನಡತೆಯಿಂದ ಏನಾಗಬೇಕಿತ್ತು? 1893ರಿಂದ ಕಲ್ಕತ್ತೆಯಲ್ಲಿ ಅಚ್ಚಾಗುತ್ತಿದ್ದ ಪರ್ಷಿಯನ್ ಪತ್ರಿಕೆ ‘ಹಬ್ಲುಲ್ ಮತೀನ್’ಗೂ ಹೀಗೇ ಓದುಗರಿದ್ದರು.

1905ರ ಡಿಸೆಂಬರ್‌ನಲ್ಲಿ ಸಕ್ಕರೆ ಬೆಲೆ ಏರಿಸಿದರೆಂದು ಟೆಹ್ರಾನಿನ ಗವರ್ನರ್ ವರ್ತಕರ ಪಾದಕ್ಕೆ ಕೋಲಿನಿಂದ ಹೊಡೆಸಿದ, ಅವರಲ್ಲೊಬ್ಬ ಇಳಿವಯಸ್ಸಿನವನು. ಬಜಾರು ಮುಚ್ಚಿತು. ಆಗ ಜನ ಕೇಳಿದ್ದು ಒಂದು ನ್ಯಾಯಾಲಯ, ಅಷ್ಟೇ. ಮರುವರ್ಷ ಬೇಸಿಗೆಯಲ್ಲಿ ಸುಮಾರು 14,000 ಮಂದಿ ಬ್ರಿಟಿಷ್ ರಾಯಭಾರ ಕಚೇರಿಯ ತೋಟದಲ್ಲಿ ಆಶ್ರಯ ಪಡೆದರು. ಒಂದೊಂದು ಕಸುಬಿನವರಿಗೆ ಒಂದೊಂದು ಡೇರೆ, ದೊಡ್ಡ ಕೊಪ್ಪರಿಗೆಗಳಲ್ಲಿ ಅನ್ನ. ಅಲ್ಲಿಗೆ ಬಂದು ಸಂವಿಧಾನ ಎಂದರೇನು ಎಂದು ಭಾಷಣ ಮಾಡಿದವರಲ್ಲಿ ದಾರುಲ್ ಫುನೂನ್ ವಿದ್ಯಾರ್ಥಿಗಳೂ ಇದ್ದರು. ನ್ಯಾಯಾಲಯದ ಬೇಡಿಕೆ ಆ ಡೇರೆಗಳಲ್ಲೇ ಮಜ್ಲಿಸ್‌ನ, ಅಂದರೆ ಸಂಸತ್ತಿನ, ಬೇಡಿಕೆಯಾಗಿ ಬೆಳೆಯಿತು. ಆಗಸ್ಟ್ 5ರಂದು ನಾಸಿರುದ್ದೀನನ ಮಗ ಮುಜಫ್ಫರುದ್ದೀನ್ ಶಾ ಅದಕ್ಕೆ ಒಪ್ಪಿ ಫರ್ಮಾನು ಹೊರಡಿಸಿದ.

ಡಿಸೆಂಬರ್ 30ರಂದು ಆತ ರುಜು ಹಾಕಿದ ಸಂವಿಧಾನದಲ್ಲಿ ನಾನು ಮೊದಲು ಓದಿಸುವುದು 24 ಮತ್ತು 25ನೇ ವಿಧಿಗಳನ್ನು: ಗುತ್ತಿಗೆ ಕೊಡಲಿ, ಸಾಲ ತರಲಿ, ಮಜ್ಲಿಸ್‌ನ ಒಪ್ಪಿಗೆ ಬೇಕೇ ಬೇಕು. ರಷ್ಯಾ–ಬ್ರಿಟನ್ ಸೇರಿ ಕೊಡಲು ಬಂದ ಹೊಸ ಸಾಲವನ್ನು ಮೊದಲ ಮಜ್ಲಿಸ್ ಬೇಡವೆಂದಿತು.